ಯಂತ್ರ ದುರಸ್ತಿಯ ಸೇವಾ ಕರಾರು: ಕಂಪೆನಿಯ ಗಣಕಯಂತ್ರದಲ್ಲಿ ನಿಮ್ಮ ಹೆಸರಿನಲ್ಲಿ ಬರೆದಿರುವುದೇನು?

ನಮ್ಮ ಸದಸ್ಯರಲ್ಲಿ ಹಲವರು ಪಂಪುಸೆಟ್ಟು, ಪಲ್ಪರ್, ಔಷಧಿ ಸಿಂಪಡಿಸುವ ಯಂತ್ರ, ಅಡಿಕೆ ಸುಲಿಯುವ ಯಂತ್ರ ಮುಂತಾದವುಗಳಿಗೆ ಕಂಪೆನಿಗಳೊಡನೆ ವಾರ್ಷಿಕ ಸೇವಾ ಕರಾರು ಮಾಡಿಕೊಂಡಿರುತ್ತಾರೆ. ಹಣ ಕಟ್ಟಿ, ರಶೀದಿ ಪಡೆದು, ಅದನ್ನು ಕಪಾಟಿನಲ್ಲಿ ಜೋಪಾನವಾಗಿಟ್ಟರೆ ಕರಾರು ಮುಗಿಯಿತೆಂದೇ ನಾವು ತಿಳಿದಿದ್ದೇವೆ. ಆದರೆ ಯಂತ್ರ ಕೆಟ್ಟ ದಿನ ಕಂಪೆನಿಯವರು ನೋಡುವುದು ನಮ್ಮ ಕಪಾಟಿನ ರಶೀದಿಯನ್ನಲ್ಲ, ತಮ್ಮ ಗಣಕಯಂತ್ರದಲ್ಲಿರುವ ದಾಖಲೆಯನ್ನು. ಆ ದಾಖಲೆ ಹೇಗೆ ತಯಾರಾಗುತ್ತದೆ, ಅದರಲ್ಲಿ ಏನೇನಿರುತ್ತದೆ, ತಪ್ಪು ಎಲ್ಲಿ ನುಸುಳುತ್ತದೆ, ಬೆಳೆಗಾರರು ಮುಂಚಿತವಾಗಿ ಏನು ಮಾಡಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಒಂದು ಅನುಭವ

2024ರ ಬೇಸಿಗೆಯನ್ನು ಯಾರೂ ಮರೆತಿರಲಾರರು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದವು. ಹೂಮಳೆಯನ್ನು ನಂಬಿ ಕೂರುವಂತಿರಲಿಲ್ಲ. ರೋಬಸ್ಟಾ ಇರುವವರು ಕೆರೆಯ ತಳದ ನೀರನ್ನೇ ಎತ್ತಿ ಸ್ಪ್ರಿಂಕ್ಲರ್ ಹಾಕುತ್ತಿದ್ದರು. ನಮ್ಮ ಸಂಘದ ಸದಸ್ಯರೊಬ್ಬರ ಪಂಪು ಮಾರ್ಚ್ 19ರಂದು, ತೋಟದ ಅರ್ಧಕ್ಕೆ ನೀರು ಕೊಟ್ಟಾದ ಮೇಲೆ, ನಿಂತುಹೋಯಿತು. ಅದೇ ತಿಂಗಳ 5ರಂದು ಅವರು ಒಂದು ವರ್ಷದ ಸೇವಾ ಕರಾರಿನ ಹಣ ಕಟ್ಟಿದ್ದರು. ಕೂಡಲೇ ಕಂಪೆನಿಗೆ ಫೋನ್ ಮಾಡಿದರು. ಅತ್ತ ಕಡೆಯಿಂದ ಬಂದ ಉತ್ತರ: “ಸಾರ್, ನಿಮ್ಮ ಕರಾರು ಶುರುವಾಗುವುದೇ ಮೇ ಮೂರನೇ ತಾರೀಖು. ಈಗ ಬರಬೇಕೆಂದರೆ ಪ್ರಯಾಣದ ಖರ್ಚು, ಬಿಡಿಭಾಗ, ಕೂಲಿ ಎಲ್ಲ ನಿಮ್ಮದೇ.”

ರಶೀದಿಯಲ್ಲಿ 05-03-2024 ಎಂದು ಸ್ಪಷ್ಟವಾಗಿತ್ತು. ಎರಡು ದಿನ ಫೋನಿನಲ್ಲೇ ವಾದ ನಡೆದು ಪ್ರಯೋಜನವಾಗದಿದ್ದಾಗ, ಸದಸ್ಯರ ಜತೆ ನಾನೂ ಬೆಂಗಳೂರಿಗೆ ಹೋದೆ. ಕಂಪೆನಿಯ ಸೇವಾ ವಿಭಾಗವಿರುವುದು ಇಂದಿರಾನಗರದಲ್ಲಿ. ಅಲ್ಲಿನ ಗುಮಾಸ್ತೆ ಸೌಜನ್ಯದಿಂದಲೇ ತನ್ನ ಮುಂದಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ ತೋರಿಸಿದಳು. ಕರಾರಿನ ಆರಂಭ 3 ಮೇ 2024, ಮುಕ್ತಾಯ 3 ಏಪ್ರಿಲ್ 2025 ಎಂದಿತ್ತು. ಒಂದು ವರ್ಷಕ್ಕೆ ಹಣ ಪಡೆದು ಹನ್ನೊಂದೇ ತಿಂಗಳ ಕರಾರು ಹೇಗಾಯಿತೆಂದು ಕೇಳಿದಾಗ ಆಕೆಗೂ ಉತ್ತರ ತಿಳಿಯಲಿಲ್ಲ. ಒಳಗಿನಿಂದ ಲೆಕ್ಕಪತ್ರದ ತಂತ್ರಾಂಶ ನೋಡಿಕೊಳ್ಳುವ ಹುಡುಗ ಬಂದ ಮೇಲೆ ಸಂಗತಿ ಬಯಲಾಯಿತು. ಮೋಸವೇನೂ ಇರಲಿಲ್ಲ. ನೂರಾರು ಕರಾರುಗಳನ್ನು ಒಂದೇ ಸಲಕ್ಕೆ ಗಣಕಯಂತ್ರಕ್ಕೆ ಸೇರಿಸುವಾಗ ದಿನಾಂಕ ತಲೆಕೆಳಗಾಗಿತ್ತು. ಅದು ಹೇಗೆಂಬುದನ್ನು ಮುಂದೆ ವಿವರಿಸಿದ್ದೇನೆ.

ದಾಖಲೆ ಸರಿಪಡಿಸಿ ಮೆಕ್ಯಾನಿಕ್ ತೋಟಕ್ಕೆ ಬರುವ ಹೊತ್ತಿಗೆ ಪಂಪು ನಿಂತು ಎಂಟು ದಿನಗಳಾಗಿದ್ದವು. ನೀರು ಕಂಡ ಅರ್ಧ ತೋಟ ಬೆಳ್ಳಗೆ ಹೂ ಬಿಟ್ಟು ನಿಂತಿತ್ತು. ಉಳಿದರ್ಧದಲ್ಲಿ ಮೊಗ್ಗು ಗಿಡದಲ್ಲೇ ಒಣಗತೊಡಗಿತ್ತು. ಕಂಪೆನಿಯವರು ಬಿಡಿಭಾಗಕ್ಕಾಗಲಿ ಪ್ರಯಾಣಕ್ಕಾಗಲಿ ಹಣ ತೆಗೆದುಕೊಳ್ಳಲಿಲ್ಲ ನಿಜ. ಆದರೆ ಹೋದ ಮೊಗ್ಗನ್ನು ಯಾರೂ ತಂದುಕೊಡಲಾರರು.

ಹಿಂದೆ ಹೇಗಿತ್ತು, ಈಗ ಹೇಗಿದೆ

ಬೆಂಗಳೂರು ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಅಂಬೇಡ್ಕರ್ ಬೀದಿಯ ಕಾಫಿ ಮಂಡಳಿ. ಅದರಾಚೆ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರದ ಕಡೆಯ ನಂಟೂ ನಮಗೆ ಹಳೆಯದೇ. ಹಳೆಯ ಮದ್ರಾಸು ರಸ್ತೆಯ ಬೈಯಪ್ಪನಹಳ್ಳಿಯಲ್ಲಿದ್ದ ಎನ್.ಜಿ.ಇ.ಎಫ್. ಕಾರ್ಖಾನೆಯ ಮೋಟರು ಎಷ್ಟೋ ತೋಟಗಳಲ್ಲಿ ಓಡಿದೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಐ.ಟಿ.ಐ. ಕಾರ್ಖಾನೆಯ ಕಪ್ಪು ಟೆಲಿಫೋನು ಒಂದು ಕಾಲದಲ್ಲಿ ಪ್ರತಿ ದೊಡ್ಡ ಮನೆಯ ಜಗಲಿಯಲ್ಲಿತ್ತು. ಆಗ ಯಂತ್ರ ಕೊಂಡವರ ಹೆಸರು, ಯಂತ್ರದ ಕ್ರಮಸಂಖ್ಯೆ, ಮಾರಿದ ದಿನಾಂಕ ಇವಿಷ್ಟನ್ನು ವಿತರಕರ ಗುಮಾಸ್ತರು ದಪ್ಪ ಲೆಡ್ಜರಿನಲ್ಲಿ ಕೈಯಲ್ಲೇ ಬರೆಯುತ್ತಿದ್ದರು. ಮೋಟರು ಸುಟ್ಟರೆ ಕಾರ್ಡು ಬರೆದು ಕಾಯಬೇಕಿತ್ತು. ಆದರೆ ಲೆಡ್ಜರು ಬರೆದವರಿಗೆ ನಮ್ಮ ಮುಖದ ಪರಿಚಯವಿರುತ್ತಿತ್ತು. ತಪ್ಪಿದ್ದರೆ ಅಲ್ಲೇ ಹೊಡೆದು ತಿದ್ದುತ್ತಿದ್ದರು.

ಎನ್.ಜಿ.ಇ.ಎಫ್. ಈಗ ಮುಚ್ಚಿದೆ. ಅದರ ಪಕ್ಕದಲ್ಲೇ ಮೆಟ್ರೋ ರೈಲು ಓಡುತ್ತದೆ. ಬೈಯಪ್ಪನಹಳ್ಳಿಯವರೆಗೆ 2011ರಲ್ಲೇ ಬಂದಿದ್ದ ನೇರಳೆ ಮಾರ್ಗವು 2023ರಲ್ಲಿ ಕೃಷ್ಣರಾಜಪುರವನ್ನು ದಾಟಿ ವೈಟ್‌ಫೀಲ್ಡ್ ತನಕ ಪೂರ್ಣವಾಯಿತು. ಈ ದಾರಿಯುದ್ದಕ್ಕೂ ಇಂದು ನಡೆಯುವ ಮುಖ್ಯ ಕಸುಬು ತಂತ್ರಾಂಶದ್ದು. ಉದಾಹರಣೆಗೆ, ವ್ಯಾಪಾರಿ ತಂತ್ರಾಂಶ ತಯಾರಿಸುವ ಜರ್ಮನಿಯ ಸ್ಯಾಪ್ ಕಂಪೆನಿಯು 1998ರಲ್ಲಿ ಬೆಂಗಳೂರಿನಲ್ಲಿ ತನ್ನ ಶಾಖೆಯನ್ನು ಆರಂಭಿಸಿತು. ವೈಟ್‌ಫೀಲ್ಡಿನಲ್ಲಿ ಅದರ ದೊಡ್ಡ ಕೇಂದ್ರವಿದೆ. ವ್ಯಾಪಾರಿ ತಂತ್ರಾಂಶವೆಂದರೆ ಒಂದು ಸಂಸ್ಥೆಯ ಖರೀದಿ, ಮಾರಾಟ, ದಾಸ್ತಾನು, ಜಮಾಖರ್ಚು, ಯಂತ್ರಗಳ ಸೇವೆ ಎಲ್ಲವನ್ನೂ ಒಂದೇ ಕಡೆ ಬರೆದಿಡುವ ಗಣಕಯಂತ್ರದ ಲೆಡ್ಜರು ಎಂದು ತಿಳಿದರೆ ಸಾಕು.

ಇದೇ ಕಂಪೆನಿಯ ‘ಸ್ಯಾಪ್ ಬಿಸಿನೆಸ್ ಒನ್’ ಎಂಬುದು ಸಣ್ಣ ಮತ್ತು ಮಧ್ಯಮ ಗಾತ್ರದ ವ್ಯಾಪಾರಿಗಳಿಗಾಗಿ ಇರುವ ತಂತ್ರಾಂಶ. ಮೂಲತಃ ಇಸ್ರೇಲಿನ ಒಂದು ಸಂಸ್ಥೆ ತಯಾರಿಸಿದ್ದನ್ನು ಸ್ಯಾಪ್ 2002ರಲ್ಲಿ ಕೊಂಡುಕೊಂಡಿತು. ಇಂಥ ತಂತ್ರಾಂಶಗಳು ಬೇರೆ ಕಂಪೆನಿಗಳವೂ ಇವೆ. ಹೆಸರು ಬೇರೆಯಾದರೂ ಒಳಗಿನ ಕ್ರಮ ಹೆಚ್ಚುಕಡಿಮೆ ಒಂದೇ. ಆದುದರಿಂದ ಇದನ್ನೇ ಮಾದರಿಯಾಗಿಟ್ಟುಕೊಂಡು ಸೇವಾ ಕರಾರು ಅದರಲ್ಲಿ ಹೇಗೆ ಕುಳಿತಿರುತ್ತದೆ ಎಂಬುದನ್ನು ನೋಡೋಣ.

ಕರಾರಿನ ದಾಖಲೆಯಲ್ಲಿ ಏನೇನಿರುತ್ತದೆ?

ದಾಖಲೆಗೆ ಎರಡು ಭಾಗ. ಮೇಲಿನದು ತಲೆಬರಹ, ಕೆಳಗಿನದು ಯಂತ್ರಗಳ ಪಟ್ಟಿ. ನಮ್ಮ ಸಂಘದ ಬಿಲ್ಲಿನಲ್ಲಿ ಮೇಲೆ ಸದಸ್ಯರ ಹೆಸರು, ಖಾತೆ ಸಂಖ್ಯೆ, ದಿನಾಂಕ ಇದ್ದು, ಕೆಳಗೆ ಗೊಬ್ಬರ, ಮೈಲುತುತ್ತ, ಸುಣ್ಣ ಎಂದು ಸಾಲುಗಳಿರುವಂತೆಯೇ ಇದೂ. ತಲೆಬರಹದಲ್ಲಿ ಮುಖ್ಯವಾಗಿ ಈ ಸಂಗತಿಗಳಿರುತ್ತವೆ.

ಮೊದಲನೆಯದು ಗ್ರಾಹಕರ ಖಾತೆ ಸಂಖ್ಯೆ. ಗಣಕಯಂತ್ರ ನಮ್ಮನ್ನು ಗುರುತಿಸುವುದು ಹೆಸರಿನಿಂದಲ್ಲ, ಈ ಸಂಖ್ಯೆಯಿಂದ. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ವರು ಇರುವ ನಮ್ಮ ಕಡೆ ಇದು ಬಹಳ ಮುಖ್ಯ.

ಎರಡನೆಯದು ಕರಾರಿನ ಬಗೆ. ಬಗೆಗಳು ಮೂರು. ಗ್ರಾಹಕರ ಬಳಿಯಿರುವ ಎಲ್ಲ ಯಂತ್ರಗಳಿಗೂ ಸೇರಿ ಮಾಡಿದ್ದು ಒಂದು. ಪಂಪುಗಳು, ಸಿಂಪಡಣಾ ಯಂತ್ರಗಳು ಎಂಬಂತೆ ಒಂದು ವರ್ಗದ ಯಂತ್ರಗಳಿಗೆ ಮಾಡಿದ್ದು ಇನ್ನೊಂದು. ನಿರ್ದಿಷ್ಟ ಕ್ರಮಸಂಖ್ಯೆಯ ಒಂದೊಂದು ಯಂತ್ರಕ್ಕೆ ಮಾಡಿದ್ದು ಮತ್ತೊಂದು. ಮೂರನೇ ಬಗೆಯಾದರೆ ಯಂತ್ರದ ಹಿತ್ತಾಳೆ ಫಲಕದ ಮೇಲಿರುವ ಸಂಖ್ಯೆಗೂ ದಾಖಲೆಯ ಸಂಖ್ಯೆಗೂ ಒಂದಕ್ಷರದ ವ್ಯತ್ಯಾಸವಿದ್ದರೂ ಅದು ಬೇರೆ ಯಂತ್ರವೆಂದೇ ಲೆಕ್ಕ.

ಮೂರನೆಯದು ಆರಂಭ ಮತ್ತು ಮುಕ್ತಾಯದ ದಿನಾಂಕಗಳು. ನಾಲ್ಕನೆಯದು ಕರಾರಿನ ಸ್ಥಿತಿ. ಕರಡು, ಅನುಮೋದಿತ, ತಡೆಹಿಡಿದದ್ದು, ರದ್ದಾದದ್ದು ಎಂದು ನಾಲ್ಕು ಸ್ಥಿತಿಗಳಿವೆ. ಹಣ ಕಟ್ಟಿದ್ದರೂ ದಾಖಲೆ ಕರಡಿನಲ್ಲೇ ಉಳಿದಿದ್ದರೆ ಅದು ಸಹಿ ಹಾಕದ ಪತ್ರವಿದ್ದಂತೆ. ಅದರ ಆಧಾರದ ಮೇಲೆ ಯಾರನ್ನೂ ಕಳುಹಿಸುವುದಿಲ್ಲ.

ಐದನೆಯದು ಒಳಗೊಂಡಿರುವ ಖರ್ಚು. ಬಿಡಿಭಾಗ, ಕೂಲಿ, ಪ್ರಯಾಣ ಎಂದು ಮೂರಕ್ಕೂ ಪ್ರತ್ಯೇಕ ಗುರುತುಗಳಿರುತ್ತವೆ. ಬೆಂಗಳೂರಿನ ಗಿರಾಕಿಗೆ ಪ್ರಯಾಣದ ಖರ್ಚು ದೊಡ್ಡದಲ್ಲ. ಸುಮಾರು 250 ಕಿಲೋಮೀಟರ್ ದೂರದ ತೋಟಕ್ಕೆ ಬರುವಾಗ ಅದೇ ಎಲ್ಲಕ್ಕಿಂತ ಭಾರವಾದೀತು. ಆರನೆಯದು ಎಷ್ಟು ಗಂಟೆಯೊಳಗೆ ಬರಬೇಕು, ಎಷ್ಟು ದಿನದೊಳಗೆ ಸರಿಪಡಿಸಬೇಕು ಎಂಬ ಗಡುವು, ಮತ್ತು ವಾರದ ಯಾವ ದಿನ ಯಾವ ವೇಳೆ ಸೇವೆ ಲಭ್ಯವೆಂಬ ವಿವರ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 9ರಿಂದ ಸಂಜೆ 6 ಎಂದು ಬರೆದಿದ್ದು, ಗಡುವನ್ನು ಆ ವೇಳೆಯಲ್ಲಿ ಮಾತ್ರ ಎಣಿಸುವ ಷರತ್ತಿದ್ದರೆ, ಶುಕ್ರವಾರ ಸಂಜೆ ಕೆಟ್ಟ ಪಲ್ಪರಿಗೆ ‘8 ಗಂಟೆಯೊಳಗೆ’ ಎಂಬ ಮಾತಿನ ಅರ್ಥ ಸೋಮವಾರ ಸಂಜೆ ಎಂದಾಗುತ್ತದೆ. ಕೊಯ್ದ ಹಣ್ಣು ಸೋಮವಾರದ ತನಕ ಕಾಯುವುದಿಲ್ಲ. ಅದೇ ದಿನ ಪಲ್ಪ್ ಮಾಡದಿದ್ದರೆ ರಾಶಿಯಲ್ಲೇ ಬಿಸಿಯೇರಿ ಹುಳಿಯುತ್ತದೆ. ಪಾರ್ಚ್‌ಮೆಂಟ್ ಆಗಬೇಕಾದದ್ದನ್ನು ಚೆರಿಯಾಗಿ ಕಣದಲ್ಲಿ ಹರಡಿ ಒಣಗಿಸಬೇಕಾಗುತ್ತದೆ. ಆ ಎರಡರ ಬೆಲೆಯ ಅಂತರ ಎಲ್ಲರಿಗೂ ತಿಳಿದದ್ದೇ.

ನಾವು ದೂರು ಹೇಳಿದಾಗ ಗುಮಾಸ್ತೆ ಯಂತ್ರದ ಸಂಖ್ಯೆಯನ್ನು ಒತ್ತುತ್ತಾಳೆ. ಆ ದಿನ ಆ ಯಂತ್ರಕ್ಕೆ ಚಾಲ್ತಿಯಲ್ಲಿರುವ, ಅನುಮೋದಿತ ಕರಾರು ಇದೆಯೇ ಎಂದು ತಂತ್ರಾಂಶ ಹುಡುಕುತ್ತದೆ. ಇದ್ದರೆ ದೂರಿಗೆ ಅದನ್ನು ಜೋಡಿಸಿ ಗಡುವನ್ನು ಲೆಕ್ಕ ಹಾಕುತ್ತದೆ. ಇಲ್ಲದಿದ್ದರೆ ಕರಾರು ಇಲ್ಲವೆನ್ನುತ್ತದೆ. ಗುಮಾಸ್ತೆ ಹೇಳುವುದೂ ಅದನ್ನೇ. ಆಕೆಯ ಮೇಲೆ ಸಿಟ್ಟು ಮಾಡಿ ಫಲವಿಲ್ಲ.

ಎ.ಪಿ.ಐ. ಎಂದರೇನು?

ಒಂದೆರಡು ಕರಾರುಗಳಾದರೆ ಗುಮಾಸ್ತರು ಪರದೆಯ ಮುಂದೆ ಕುಳಿತು ಒಂದೊಂದಾಗಿ ತುಂಬಬಹುದು. ಆದರೆ ಒಂದು ಕಂಪೆನಿ ತನ್ನ ವಿತರಕರ ಮೂಲಕ ನೂರಾರು ರೈತರಿಂದ ಹಣ ಸಂಗ್ರಹಿಸಿದಾಗ, ಅಥವಾ ಹಳೆಯ ತಂತ್ರಾಂಶ ಬಿಟ್ಟು ಹೊಸದಕ್ಕೆ ಬಂದಾಗ, ಎಲ್ಲವನ್ನೂ ಕೈಯಲ್ಲಿ ತುಂಬಲಾಗದು. ಅಂಥಲ್ಲಿ ಬಳಸುವುದೇ ಎ.ಪಿ.ಐ. ಎಂಬ ವ್ಯವಸ್ಥೆ.

ಇದನ್ನು ನಮ್ಮ ಗೋದಾಮಿನ ಕಿಟಕಿಗೆ ಹೋಲಿಸಬಹುದು. ಗೋದಾಮಿನ ಒಳಗೆ ಹೊರಗಿನವರು ಹೋಗುವಂತಿಲ್ಲ. ಕಿಟಕಿಯಲ್ಲಿ ನಿಗದಿತ ನಮೂನೆಯ ಚೀಟಿ ಕೊಡಬೇಕು. ಖಾತೆ ಸಂಖ್ಯೆ, ವಸ್ತು, ಪ್ರಮಾಣ ಎಲ್ಲ ಅದರದರ ಮನೆಯಲ್ಲೇ ಬರೆದಿರಬೇಕು. ಸರಿಯಿದ್ದರೆ ಒಳಗಿನವರು ಸಾಮಾನು ಕೊಟ್ಟು ಗೇಟ್ ಪಾಸಿನ ಸಂಖ್ಯೆ ಬರೆದುಕೊಡುತ್ತಾರೆ. ಖಾತೆ ಸಂಖ್ಯೆಯೇ ಇಲ್ಲದಿದ್ದರೆ ಚೀಟಿಯನ್ನು ಕಾರಣ ತಿಳಿಸಿ ಹಿಂದಿರುಗಿಸುತ್ತಾರೆ. ಎ.ಪಿ.ಐ. ಎಂದರೆ ತಂತ್ರಾಂಶಕ್ಕೆ ಇಂಥದೊಂದು ಕಿಟಕಿ. ಚೀಟಿ ಕೊಡುವವನು ಮನುಷ್ಯನಲ್ಲ, ಇನ್ನೊಂದು ತಂತ್ರಾಂಶ. ವ್ಯತ್ಯಾಸ ಅಷ್ಟೇ.

ಸ್ಯಾಪ್ ಬಿಸಿನೆಸ್ ಒನ್‌ನಲ್ಲಿ ಇದಕ್ಕೆ ಎರಡು ದಾರಿಗಳಿವೆ. ಒಂದು ‘ಡೇಟಾ ಟ್ರಾನ್ಸ್‌ಫರ್ ವರ್ಕ್‌ಬೆಂಚ್’ ಎಂಬ ಸಲಕರಣೆ. ಇದು ಹಿಂದುಗಡೆ ‘ಡಿ.ಐ. ಎ.ಪಿ.ಐ.’ ಎಂಬ ಕಿಟಕಿಯನ್ನು ಬಳಸುತ್ತದೆ. ಕರಾರುಗಳನ್ನು ಎರಡು ಕೋಷ್ಟಕಗಳಲ್ಲಿ ಬರೆಯಬೇಕು. ಒಂದರಲ್ಲಿ ತಲೆಬರಹಗಳು, ಇನ್ನೊಂದರಲ್ಲಿ ಯಂತ್ರಗಳ ಸಾಲುಗಳು. ಯಾವ ಸಾಲು ಯಾವ ತಲೆಬರಹಕ್ಕೆ ಸೇರಿದ್ದೆಂದು ತಿಳಿಯಲು ಎರಡರಲ್ಲೂ ಒಂದೇ ಕೊಂಡಿ ಸಂಖ್ಯೆ ಹಾಕಬೇಕು. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಎಂಟು ಅಂಕಿಗಳಾಗಿ ಬರೆಯಬೇಕು. 2024ರ ಮಾರ್ಚ್ 5 ಎಂದರೆ 20240305. ನಿಜವಾಗಿ ಸೇರಿಸುವ ಮುನ್ನ ಪರೀಕ್ಷಾರ್ಥವಾಗಿ ಓಡಿಸಿ ನೋಡುವ ಸೌಲಭ್ಯವೂ ಇದೆ.

ಇನ್ನೊಂದು ದಾರಿ ‘ಸರ್ವಿಸ್ ಲೇಯರ್’ ಎಂಬುದು. ವಿತರಕರ ಬಿಲ್ಲಿಂಗ್ ತಂತ್ರಾಂಶವೋ ಮೊಬೈಲ್ ಆ್ಯಪೋ ನೇರವಾಗಿ ಈ ಕಿಟಕಿಗೆ ಬರಬಹುದು. ಮೊದಲು ಹೆಸರು, ಗುಪ್ತಪದ ಹೇಳಿ ಒಳಬರುವ ಅನುಮತಿ ಪಡೆಯಬೇಕು. ಅದು ಸ್ವಲ್ಪ ಹೊತ್ತಿನದು. ಸುಮ್ಮನಿದ್ದರೆ ತಾನಾಗಿಯೇ ಮುಗಿಯುತ್ತದೆ. ಆ ಮೇಲೆ ಕರಾರಿನ ವಿವರಗಳನ್ನು ನಿಗದಿತ ನಮೂನೆಯಲ್ಲಿ ಕಳುಹಿಸಬೇಕು. ಸ್ವೀಕೃತವಾದರೆ ‘ಸೃಷ್ಟಿಯಾಯಿತು’ ಎಂಬ ಉತ್ತರದೊಡನೆ ಹೊಸ ಕರಾರಿನ ಸಂಖ್ಯೆ ಬರುತ್ತದೆ. ಇಲ್ಲವಾದರೆ ತಪ್ಪೇನೆಂಬ ಸೂಚನೆ ಬರುತ್ತದೆ.

ಇಲ್ಲಿ ಸದಸ್ಯರು ಗಮನಿಸತಕ್ಕ ಮುಖ್ಯ ಅಂಶವೊಂದಿದೆ. ಕಿಟಕಿಯವರು ನೋಡುವುದು ಚೀಟಿಯ ನಮೂನೆಯನ್ನು, ಅದರ ಸತ್ಯವನ್ನಲ್ಲ. ಹತ್ತು ಮೂಟೆ ಬೇಕಾದವರು ಒಂದು ಎಂದು ಬರೆದುಕೊಟ್ಟರೆ ಒಂದೇ ಮೂಟೆ ಸಿಗುತ್ತದೆ. ಇಲ್ಲದ ತಿಂಗಳನ್ನು ಬರೆದರೆ ತಂತ್ರಾಂಶ ತಿರಸ್ಕರಿಸುತ್ತದೆ. ಇರುವ ತಿಂಗಳನ್ನೇ ತಪ್ಪಾಗಿ ಬರೆದರೆ ಸಂತೋಷದಿಂದ ಸ್ವೀಕರಿಸುತ್ತದೆ.

ತಪ್ಪು ನುಸುಳುವ ಜಾಗಗಳು

ನಮ್ಮ ಸದಸ್ಯರ ವಿಷಯದಲ್ಲಿ ಆದದ್ದು ಇದೇ. ವಿತರಕರು ಕಳುಹಿಸಿದ ಪಟ್ಟಿಯಲ್ಲಿ 05/03/2024 ಎಂದಿತ್ತು. ನಾವು ಇದನ್ನು ಮಾರ್ಚ್ 5 ಎಂದು ಓದುತ್ತೇವೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುವ ರೂಢಿಯವರು. ಅವರ ಕ್ರಮದಲ್ಲಿ ಇದು ಮೇ 3. ಪಟ್ಟಿ ತೆರೆದ ಗಣಕಯಂತ್ರ ಆ ಕ್ರಮಕ್ಕೆ ಹೊಂದಿಸಿದ್ದಾಗಿತ್ತು. ಅದು ಮೇ 3 ಎಂದು ಓದಿ ಎಂಟು ಅಂಕಿಗಳಲ್ಲಿ 20240503 ಎಂದು ಬರೆಯಿತು. ಮುಕ್ತಾಯದ 04/03/2025 ಎಂಬುದು ಏಪ್ರಿಲ್ 3 ಆಯಿತು. ಎರಡೂ ನಮೂನೆಗೆ ಸರಿಯಾದ ದಿನಾಂಕಗಳೇ. ಕಿಟಕಿಯವರು ಒಪ್ಪಿಕೊಂಡು ಕರಾರಿನ ಸಂಖ್ಯೆ ಕೊಟ್ಟರು.

ಇನ್ನೊಂದು ಸೋಜಿಗ ಕೇಳಿ. ಅದೇ ಪಟ್ಟಿಯಲ್ಲಿ ನಮ್ಮ ಇನ್ನೊಬ್ಬ ಸದಸ್ಯರ ಕರಾರು 18/03/2024ರಿಂದ ಇತ್ತು. ಹದಿನೆಂಟನೇ ತಿಂಗಳೆಂಬುದು ಇಲ್ಲವಾದ್ದರಿಂದ ಆ ಸಾಲನ್ನು ತಂತ್ರಾಂಶ ತಿರಸ್ಕರಿಸಿತು. ತಿರಸ್ಕೃತವಾದುದನ್ನು ಗುಮಾಸ್ತೆ ಕೈಯಿಂದ ತಿದ್ದಿ ಸೇರಿಸಿದಳು. ಹೀಗೆ ಅವರ ಕರಾರು ಸರಿಯಾಗಿಯೇ ಕುಳಿತಿತು. ಅಂದರೆ ತಿಂಗಳ 1ರಿಂದ 12ನೇ ತಾರೀಖಿನೊಳಗೆ ಹಣ ಕಟ್ಟಿದವರಿಗೆ ಮಾತ್ರ ಈ ಅಪಾಯ, ಅದರಲ್ಲೂ ದಿನ ಮತ್ತು ತಿಂಗಳ ಅಂಕಿ ಒಂದೇ ಆಗಿರುವವರಿಗೆ ಇಲ್ಲ. ಎಲ್ಲರದ್ದೂ ಕೆಟ್ಟಿದ್ದರೆ ಕಂಪೆನಿಯವರಿಗೆ ಮರುದಿನವೇ ಗೊತ್ತಾಗುತ್ತಿತ್ತು. ಕೆಲವರದ್ದು ಮಾತ್ರ ಕೆಟ್ಟದ್ದರಿಂದ ಯಂತ್ರ ನಿಲ್ಲುವವರೆಗೆ ಯಾರಿಗೂ ತಿಳಿಯಲಿಲ್ಲ.

ಎರಡನೇ ಜಾಗ ಕೊಂಡಿ ಸಂಖ್ಯೆ. ಪಟ್ಟಿಯ ಮಧ್ಯದಲ್ಲಿ ಒಂದು ಸಾಲು ಅಳಿಸಿಹೋಗಿ ಕೆಳಗಿನವೆಲ್ಲ ಒಂದು ಮನೆ ಮೇಲಕ್ಕೆ ಸರಿದರೆ, ನಿಮ್ಮ ಪಂಪು ಪಕ್ಕದವರ ಕರಾರಿಗೂ ಅವರ ಪಲ್ಪರ್ ನಿಮ್ಮ ಕರಾರಿಗೂ ಸೇರಿಬಿಡಬಹುದು. ಮೂರನೆಯದು ಕ್ರಮಸಂಖ್ಯೆ. ಇಂಗ್ಲಿಷಿನ ‘ಓ’ ಅಕ್ಷರವನ್ನು ಸೊನ್ನೆಯೆಂದೂ ‘ಐ’ ಅಕ್ಷರವನ್ನು ಒಂದು ಎಂದೂ ಓದುವುದು ಸಾಮಾನ್ಯ. ಎಣ್ಣೆ, ಮಣ್ಣು ಮೆತ್ತಿದ ಫಲಕವನ್ನು ನೋಡಿ ಬರೆದರಂತೂ ಹೇಳುವುದೇ ಬೇಡ. ಸಂಖ್ಯೆಯ ಮೊದಲಿನ ಸೊನ್ನೆಗಳನ್ನು ಕೋಷ್ಟಕದ ತಂತ್ರಾಂಶ ತಾನಾಗಿಯೇ ಕಿತ್ತುಹಾಕುವುದೂ ಉಂಟು.

ನಾಲ್ಕನೆಯದು ವಾರಂಟಿಯ ಅವಧಿ. ಹೊಸ ಯಂತ್ರಕ್ಕೆ ವಾರಂಟಿ ಇದ್ದೇ ಇರುತ್ತದೆ. ಕೆಲವು ಕಂಪೆನಿಗಳಲ್ಲಿ ಯಂತ್ರ ಬಿಲ್ಲಾದ ಕೂಡಲೇ ವಾರಂಟಿಯ ಕರಾರನ್ನು ತಂತ್ರಾಂಶ ತಾನೇ ಸೃಷ್ಟಿಸುತ್ತದೆ. ಅದೇ ಅವಧಿಗೆ ನಾವು ವಾರ್ಷಿಕ ಕರಾರಿನ ಹಣವನ್ನೂ ಕಟ್ಟಿದರೆ ಒಂದೇ ವರ್ಷಕ್ಕೆ ಎರಡು ಸಲ ಕಟ್ಟಿದಂತೆ. ಹಣ ಕಟ್ಟುವ ಕರಾರು ವಾರಂಟಿ ಮುಗಿದ ಮರುದಿನದಿಂದ ಆರಂಭವಾಗಬೇಕು. ಐದನೆಯದು ವಿಳಾಸ. ಸಂಘದ ಮೂಲಕ ಕರಾರಾದಾಗ ಯಂತ್ರ ಇರುವ ತೋಟದ ಬದಲು ಸಂಘದ ಕಚೇರಿಯ ವಿಳಾಸ ಕುಳಿತಿದ್ದರೆ ಮೆಕ್ಯಾನಿಕ್ ಪೇಟೆಗೆ ಬಂದು ನಿಲ್ಲುತ್ತಾನೆ.

ಸದಸ್ಯರು ಮಾಡಬೇಕಾದ್ದು

ಕರಾರಿನ ಹಣ ಕಟ್ಟಿದ ಹದಿನೈದು ದಿನದೊಳಗೆ, ಕಂಪೆನಿಯ ಗಣಕಯಂತ್ರದಲ್ಲಿರುವ ಕರಾರಿನ ಮುದ್ರಿತ ಪ್ರತಿಯನ್ನು ಕೇಳಿ ಪಡೆಯಿರಿ. ವಿತರಕರ ಅಂಗಡಿಯ ರಶೀದಿ ಇದಕ್ಕೆ ಬದಲಾಗಲಾರದು. ಪ್ರತಿಯಲ್ಲಿ ಏಳು ವಿಷಯಗಳನ್ನು ರಶೀದಿಯೊಡನೆಯೂ ಯಂತ್ರದ ಫಲಕದೊಡನೆಯೂ ತಾಳೆ ನೋಡಿರಿ:

1. ಕರಾರಿನ ಸಂಖ್ಯೆ ಮತ್ತು ನಿಮ್ಮ ಖಾತೆ ಸಂಖ್ಯೆ.
2. ಯಂತ್ರದ ಕ್ರಮಸಂಖ್ಯೆ, ಅಕ್ಷರ ಅಕ್ಷರವಾಗಿ.
3. ಆರಂಭ, ಮುಕ್ತಾಯದ ದಿನಾಂಕಗಳು. ತಿಂಗಳನ್ನು ಅಂಕಿಯಲ್ಲಲ್ಲದೆ ಹೆಸರಿನಲ್ಲಿ ಬರೆದುಕೊಡುವಂತೆ ಕೇಳಿರಿ.
4. ಸ್ಥಿತಿ ‘ಅನುಮೋದಿತ’ ಎಂದಿದೆಯೇ?
5. ಬಿಡಿಭಾಗ, ಕೂಲಿ, ಪ್ರಯಾಣ ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಇಲ್ಲ?
6. ಎಷ್ಟು ಹೊತ್ತಿನೊಳಗೆ ಬರುತ್ತಾರೆ? ಶನಿವಾರ, ಭಾನುವಾರ ಲೆಕ್ಕಕ್ಕುಂಟೇ?
7. ಯಂತ್ರವಿರುವ ತೋಟದ ವಿಳಾಸ ಮತ್ತು ನಿಮ್ಮ ಫೋನ್ ಸಂಖ್ಯೆ.

ಈ ಕೆಲಸವನ್ನು ಹಂಗಾಮಿಗೆ ಮುಂಚೆಯೇ ಮಾಡಿ ಮುಗಿಸಬೇಕು. ಅಡಿಕೆಯವರು ಜೂನ್ ತಿಂಗಳಲ್ಲಿ ಮೊದಲ ಬೋರ್ಡೋ ಹೊಡೆಯುವ ಮುನ್ನ ಸಿಂಪಡಣಾ ಯಂತ್ರದ ಕರಾರನ್ನು ನೋಡಿಕೊಳ್ಳಲಿ. ಮಳೆ ಬಿಡುವು ಕೊಟ್ಟ ಎರಡು ದಿನದಲ್ಲಿ ಯಂತ್ರ ಕೆಟ್ಟರೆ ಕೊಳೆರೋಗ ಕಾಯುವುದಿಲ್ಲ. ಕಾಫಿಯವರು ನವೆಂಬರಿನೊಳಗೆ ಪಲ್ಪರಿನದನ್ನು, ಜನವರಿಯೊಳಗೆ ಪಂಪಿನದನ್ನು ನೋಡಿಕೊಳ್ಳಲಿ. ನವೀಕರಣದ ನೆನಪೋಲೆ ಬಂದೀತೆಂದು ಕಾಯಬೇಡಿ. ಆ ನೆನಪು ಬರುವುದು ಮೊದಲು ಕಂಪೆನಿಯ ನೌಕರರ ಪರದೆಗೆ. ಅಲ್ಲಿಂದ ನಮ್ಮ ತನಕ ಬಂದರೆ ಅದೃಷ್ಟ. ಮುಕ್ತಾಯದ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ನೀವೇ ಗುರುತು ಹಾಕಿಕೊಳ್ಳಿ.

ಸಂಘ ಮಾಡುತ್ತಿರುವುದು

ಈ ಅನುಭವದ ನಂತರ ಸಂಘದ ಕಚೇರಿಯಲ್ಲಿ ಸದಸ್ಯರ ಯಂತ್ರಗಳ ಒಂದು ವಹಿಯನ್ನು ತೆರೆಯಲಾಗಿದೆ. ಯಂತ್ರದ ಹೆಸರು, ಕ್ರಮಸಂಖ್ಯೆ, ಕೊಂಡ ದಿನಾಂಕ, ವಾರಂಟಿ ಮುಗಿಯುವ ದಿನಾಂಕ, ಕರಾರಿನ ಸಂಖ್ಯೆ ಇವುಗಳನ್ನು ಅದರಲ್ಲಿ ಬರೆಯಲಾಗುವುದು. ಫಲಕವನ್ನು ಒರೆಸಿ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ತಂದರೆ ಬರೆದುಕೊಳ್ಳುವುದು ಸುಲಭ. ಒಟ್ಟಿಗೆ ಕರಾರು ಮಾಡಿಸುವಾಗ ಸಂಘವೇ ಪಟ್ಟಿ ತಯಾರಿಸಿ, ದಿನಾಂಕಗಳನ್ನು ವರ್ಷ ಮೊದಲಾಗಿ ಎಂಟು ಅಂಕಿಗಳಲ್ಲಿ ಬರೆದು, ಕಂಪೆನಿಗೆ ಕಳುಹಿಸುತ್ತದೆ. ಪ್ರತಿಯಾಗಿ ಸೃಷ್ಟಿಯಾದ ಕರಾರುಗಳ ಪೂರ್ಣ ಪಟ್ಟಿಯನ್ನೂ, ತಿರಸ್ಕೃತವಾದ ಸಾಲುಗಳ ಪಟ್ಟಿಯನ್ನೂ ಕೇಳಿ ಪಡೆದು ಸಾಲುಸಾಲಾಗಿ ತಾಳೆ ನೋಡಲಾಗುವುದು. ನಾವು ಕೊಟ್ಟ ಸಾಲುಗಳೆಷ್ಟು, ಹುಟ್ಟಿದ ಕರಾರುಗಳೆಷ್ಟು ಎಂಬ ಎಣಿಕೆಯೇ ಮೊದಲ ಪರೀಕ್ಷೆ. ಕಂಪೆನಿಯವರ ಬಳಿ ಈ ಪಟ್ಟಿಗಳು ಇದ್ದೇ ಇರುತ್ತವೆ. ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಇದು ಕಂಪೆನಿಗಳಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿದೆ. ಬೆಳೆ ಸಾಲ, ಷೇರು, ಠೇವಣಿಗಳ ಹಳೆಯ ಲೆಡ್ಜರುಗಳು ಹೊಸ ತಂತ್ರಾಂಶಕ್ಕೆ ಹೋಗುವಾಗಲೂ ಇಂಥ ಪಟ್ಟಿಗಳು, ಇಂಥ ಕಿಟಕಿಗಳೇ ಬಳಕೆಯಾಗುವುದು. ಸಾಲದ ವಾಯಿದೆಯ ದಿನಾಂಕ ಹೀಗೆ ತಲೆಕೆಳಗಾದರೆ ಸಕಾಲಕ್ಕೆ ಕಟ್ಟಿದವರೂ ಸುಸ್ತಿದಾರರೆನಿಸಿಕೊಳ್ಳಬಹುದು. ಆದುದರಿಂದ ಅಲ್ಲಿಯೂ ಪಾಸ್ ಪುಸ್ತಕವನ್ನು ತಾಳೆ ನೋಡುವ ಅಭ್ಯಾಸವಿರಲಿ.

ತಪ್ಪು ಒಪ್ಪದಿದ್ದರೆ

ದಾಖಲೆ ತಪ್ಪಾಗಿದ್ದರೆ ಮೊದಲು ರಶೀದಿಯ ನಕಲಿನೊಡನೆ ಬರಹದಲ್ಲಿ ತಿಳಿಸಬೇಕು. ಫೋನಿನ ಮಾತಿಗೆ ಸಾಕ್ಷಿಯಿಲ್ಲ. ಗಣಕಯಂತ್ರದ ಮೂಲಕ ಆದ ಒಪ್ಪಂದಕ್ಕೂ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಮಾನ್ಯತೆಯಿದೆ. ಆದರೆ ಕಂಪೆನಿಯ ಪರದೆಯಲ್ಲಿ ತಪ್ಪಾಗಿ ಕುಳಿತ ದಿನಾಂಕದಿಂದ ನಾವು ಹಣ ಕೊಟ್ಟು ಒಪ್ಪಿದ ಷರತ್ತು ಬದಲಾಗುವುದಿಲ್ಲ. ರಶೀದಿ ನಮ್ಮ ಕೈಯಲ್ಲಿರಬೇಕಾದ್ದು ಇದಕ್ಕಾಗಿಯೇ. ಕಂಪೆನಿ ಒಪ್ಪದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. ವಾಣಿಜ್ಯ ಉದ್ದೇಶದ ಖರೀದಿ ಈ ಕಾಯಿದೆಗೆ ಹೊರತು. ಆದರೆ ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಬಳಸಿದುದು ವಾಣಿಜ್ಯವೆನಿಸುವುದಿಲ್ಲ ಎಂದು ಕಾಯಿದೆಯೇ ಹೇಳುತ್ತದೆ. ಸಣ್ಣ ಬೆಳೆಗಾರರು ಈ ಮಾತನ್ನು ನೆನಪಿಡುವುದು ಒಳ್ಳೆಯದು.

ಆಯೋಗದ ತೀರ್ಪು ಹಣ ಕೊಡಿಸೀತು. ಒಣಗಿದ ಮೊಗ್ಗಿಗೆ ಜೀವ ಕೊಡಿಸದು. ಹಾಗಾಗಿ ಯಂತ್ರ ಓಡುತ್ತಿರುವಾಗಲೇ, ಕೈಯಲ್ಲಿ ಸಮಯವಿರುವಾಗಲೇ, ಕರಾರಿನ ದಾಖಲೆಯನ್ನು ತರಿಸಿ ಓದಿ ನೋಡುವುದು ಲೇಸು. ಇಂಗ್ಲಿಷಿನಲ್ಲಿರುವ ಪ್ರತಿ ಅರ್ಥವಾಗದವರು ರಶೀದಿಯೊಡನೆ ಸಂಘದ ಕಚೇರಿಗೆ ತಂದರೆ ಓದಿ ಹೇಳುವ ಏರ್ಪಾಡು ಮಾಡಲಾಗಿದೆ. ಇದುವರೆಗೆ ಯಂತ್ರಗಳ ವಿವರ ಬರೆಸದ ಸದಸ್ಯರು ಬರುವ ಸಂತೆಯ ದಿನ ಕಚೇರಿಗೆ ಬಂದು ಬರೆಸಬೇಕಾಗಿ ಕೋರಿದೆ.